ಬೆಳ್ಳಿತೆರೆಯ ಹಿಂದಿನ ಬರವಣಿಗೆ

ಮೆಚ್ಚಿ ಓದಿದ ಕಾದಂಬರಿಯೊಂದು ಚಲಚ್ಚಿತ್ರವಾಗಿ ಬಂದಾಗ, ನೋಡಿ ಹಿಂದಿರುಗುವವರ ಬಾಯಲ್ಲಿ ಸಾಮಾನ್ಯವಾಗಿ ಒಂದೇ ಮಾತು: “ಪುಸ್ತಕವೇ ಚೆನ್ನಾಗಿತ್ತು, ಇವರು ಕೆಡಿಸಿಬಿಟ್ಟರು.” ಈ ಆಕ್ಷೇಪಣೆಯು ಎಷ್ಟರಮಟ್ಟಿಗೆ ನ್ಯಾಯವಾದುದು? ಇದನ್ನು ತಿಳಿಯಬೇಕಾದರೆ ಚಿತ್ರಕಥೆಯೆಂಬ ಬರವಣಿಗೆಯ ಸ್ವರೂಪವನ್ನು ಅರಿಯುವುದು ಅವಶ್ಯಕ.

ಕಾದಂಬರಿಕಾರನು ಪಾತ್ರದ ಮನಸ್ಸಿನೊಳಕ್ಕೆ ಹೊಕ್ಕು, “ಅವನಿಗೆ ಮನೆಯ ಬಡತನವನ್ನು ನೆನೆದು ಸಂಕಟವಾಯಿತು” ಎಂದು ಬರೆಯಬಲ್ಲನು. ಚಿತ್ರಕಥೆಗಾರನಿಗೆ ಆ ಸ್ವಾತಂತ್ರ್ಯವಿಲ್ಲ. ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು, ಇವೆರಡೇ ಅವನ ಬಂಡವಾಳ. ಆದುದರಿಂದ ಅವನು ಹೀಗೆ ಬರೆಯುವನು: ಮನೆಗೆ ಅತಿಥಿ ಬಂದಿದ್ದಾನೆ. ತಾಯಿಯು ಎರಡು ಲೋಟ ಕಾಫಿ ತಂದಿಟ್ಟು, “ನನ್ನದಾಯಿತು” ಎನ್ನುತ್ತಾಳೆ. ನೀರಿಗೆಂದು ಒಳಗೆ ಹೋದ ಮಗನು ಬರಿದಾದ ಪಾತ್ರೆಯನ್ನು ನೋಡುತ್ತಾನೆ. ಹಿಂದಿರುಗಿ ಬಂದವನು ತನ್ನ ಲೋಟವನ್ನು ಮುಟ್ಟುವುದಿಲ್ಲ. ಸಂಕಟವೆಂಬ ಶಬ್ದವೇ ಇಲ್ಲದಿದ್ದರೂ ನೋಡುವವರಿಗೆ ಎಲ್ಲವೂ ತಿಳಿಯುತ್ತದೆಯಷ್ಟೆ.

1934ರಲ್ಲಿ ತೆರೆಕಂಡ ‘ಸತೀ ಸುಲೋಚನ’ವು ಕನ್ನಡದ ಮೊದಲ ವಾಕ್ಚಿತ್ರ. ಅದಕ್ಕೆ ಮಾತುಗಳನ್ನೂ ಹಾಡುಗಳನ್ನೂ ಬರೆದವರು ನಾಟಕಕಾರರಾದ ಬೆಳ್ಳಾವೆ ನರಹರಿ ಶಾಸ್ತ್ರಿಗಳು. ರಂಗಭೂಮಿಯಲ್ಲಿ ಕೊನೆಯ ಸಾಲಿನವನಿಗೂ ಭಾವವು ಮುಟ್ಟಬೇಕಾದುದರಿಂದ ಮಾತಿಗೇ ಪ್ರಾಧಾನ್ಯ. ತೆರೆಯ ಮೇಲಾದರೋ, ಕಣ್ಣಂಚಿನ ನೀರೂ ಬೆಟ್ಟದಷ್ಟಾಗಿ ಕಾಣುವುದು. ಅಲ್ಲಿ ಮಿತಭಾಷಣವೇ ಭೂಷಣ.

ಎರಡನೆಯ ಕಟ್ಟು ಕಾಲದ್ದು. ಚಿತ್ರಕಥೆಯ ಒಂದು ಪುಟವು ತೆರೆಯ ಮೇಲೆ ಸುಮಾರು ಒಂದು ನಿಮಿಷವೆಂಬುದು ಈ ಕಸುಬಿನವರ ಸ್ಥೂಲ ಲೆಕ್ಕ. ವಾರಗಟ್ಟಲೆ ಓದುವ ಗ್ರಂಥವನ್ನು ಎರಡು ಮೂರು ಗಂಟೆಗಳಲ್ಲಿ ಅಡಕಗೊಳಿಸಬೇಕಾದರೆ, ಒಂದು ಎಳೆಯನ್ನು ಹಿಡಿದು ಉಳಿದುವನ್ನು ಬಿಡದೆ ಗತ್ಯಂತರವಿಲ್ಲ.

1972ರ ‘ನಾಗರಹಾವು’ ಇದಕ್ಕೆ ತಕ್ಕ ನಿದರ್ಶನ. ತ. ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲರು ಒಂದೇ ಚಿತ್ರವಾಗಿಸಿದರು. ಅವರು ಬಲವಾಗಿ ಹಿಡಿದ ಎಳೆ, ರಾಮಾಚಾರಿಗೂ ಚಾಮಯ್ಯ ಮೇಷ್ಟರಿಗೂ ಇದ್ದ ವಾತ್ಸಲ್ಯ. ಗುರುವಿನ ಮಾತಿಗೆ ಕಟ್ಟುಬಿದ್ದು ಶಿಷ್ಯನು ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಮುಂದೆ ಮಾರ್ಗರೇಟಳ ವಿಷಯದಲ್ಲಿ ಅದೇ ಗುರು ಮತ್ತೆ ಅಡ್ಡಬಂದಾಗ ಅವನು ಒಪ್ಪುವುದಿಲ್ಲ. ಮೊದಲಿನ ಒಪ್ಪಿಗೆಯನ್ನು ಕಂಡಿದ್ದವರಿಗೆ ಎರಡನೆಯ ನಿರಾಕರಣೆಯ ಭಾರ ತಾನಾಗಿ ತಿಳಿಯುವುದು. ಚಿತ್ರದುರ್ಗದ ಬಂಡೆಗಳ ನೆತ್ತಿಯಲ್ಲಿ ಒದಗುವ ದುರಂತಕ್ಕೆ ಬೀಜವು ಬಹಳ ಹಿಂದೆಯೇ ಬಿದ್ದಿರುತ್ತದೆ. ಹೀಗೆ ಬಿತ್ತಿ ಬೆಳೆಯುವುದೇ ಚಿತ್ರಕಥೆಯ ಮುಖ್ಯ ಕೌಶಲ.

ಜನರು ಈ ಚಿತ್ರವನ್ನು ಮನಸಾರೆ ಮೆಚ್ಚಿದರು. ಆದರೆ ಮೂಲ ಲೇಖಕರಿಗೆ ಸಮಾಧಾನವಾಗಲಿಲ್ಲವೆಂಬುದು ಪ್ರಸಿದ್ಧವಾದ ಸಂಗತಿ. ಇವರಲ್ಲಿ ಯಾರದು ಸರಿ? ತಾನು ಹೆತ್ತ ಮಗುವನ್ನು ಬೇರೊಬ್ಬರು ತಮಗೆ ತೋಚಿದಂತೆ ಅಲಂಕರಿಸಿದರೆ ತಾಯಿಗೆ ನೋವಾಗುವುದು ಸಹಜ; ಆ ನೋವನ್ನು ಲಘುವಾಗಿ ಕಾಣಬಾರದು. ಆದರೆ ಏನನ್ನೂ ಬಿಡಲೊಲ್ಲದವನು ಚಿತ್ರಕಥೆಯನ್ನು ಬರೆಯಲಾರನೆಂಬುದೂ ಅಷ್ಟೇ ನಿಜ. ಬಿಡುವ ಹಕ್ಕು ಅವನಿಗುಂಟು. ಉಳಿಸಿಕೊಂಡುದರ ಜೀವವನ್ನು ಕಾಪಾಡುವ ಋಣವೂ ಅವನ ಮೇಲುಂಟು.

ಆದಕಾರಣ, ಮುಂದೆ ಇಂತಹ ಚಿತ್ರವನ್ನು ನೋಡಿದಾಗ “ಏನನ್ನು ಬಿಟ್ಟರು?” ಎಂದು ಕೇಳುವುದರ ಜೊತೆಗೆ, “ಉಳಿದುದು ಉಸಿರಾಡುತ್ತಿದೆಯೆ?” ಎಂದೂ ಕೇಳೋಣ. ಬಿಟ್ಟುಹೋದುದೆಲ್ಲವೂ ಮನೆಯ ಕಪಾಟಿನ ಪುಸ್ತಕದಲ್ಲಿ ನಮಗಾಗಿ ಕಾದಿರುತ್ತದೆ. ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಅದನ್ನು ಮತ್ತೊಮ್ಮೆ ಓದುವುದಕ್ಕೆ ಅಡ್ಡಿಯೇನು?