ದೀಪದ ಹುಳುಗಳ ಜಮಾಖರ್ಚು

ಲಂಡನ್ನಿನ ಉತ್ತರಕ್ಕೆ ಹಾರ್ಪೆಂಡನ್ ಎಂಬ ಊರಿದೆ. ಅಲ್ಲಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ 1843ರಷ್ಟು ಹಳೆಯದು. ಗೊಬ್ಬರ ಹಾಕಿದರೆ ಗೋಧಿ ಎಷ್ಟು, ಹಾಕದಿದ್ದರೆ ಎಷ್ಟು ಎಂದು ಒಂದೇ ಹೊಲದಲ್ಲಿ ತಲೆಮಾರುಗಟ್ಟಲೆ ಅಳೆಯುತ್ತ ಬಂದ, ಹಟಕ್ಕೆ ಹೆಸರಾದ ಸಂಸ್ಥೆ ಅದು. ಅಲ್ಲಿದ್ದ ಸಿ. ಬಿ. ವಿಲಿಯಮ್ಸ್ ಎಂಬ ಕೀಟವಿಜ್ಞಾನಿ 1933ರಲ್ಲಿ ಬಾರ್ನ್‌ಫೀಲ್ಡ್ ಎಂಬ ಹೊಲದಲ್ಲಿ ರಾತ್ರಿಯಿಡೀ ಉರಿಯುವ ದೀಪ ಇಟ್ಟು, ಅದರ ಕೆಳಗಿನ ಬಲೆಗೆ ಬೀಳುವ ಪತಂಗಗಳನ್ನು ಎಣಿಸತೊಡಗಿದರು. ಮೊದಲ ನಾಲ್ಕು ವರ್ಷಗಳ ಲೆಕ್ಕ ಹೀಗಿದೆ: ದೊಡ್ಡ ಪತಂಗಗಳು 15,609, ಜಾತಿ 240. ಅವುಗಳಲ್ಲಿ 35 ಜಾತಿಗಳು ಅಷ್ಟೂ ವರ್ಷಗಳಲ್ಲಿ ಮುಖ ತೋರಿಸಿದ್ದು ಒಂದೊಂದೇ ಸಲ.

ಇಂಥ ಎಣಿಕೆಯಿಂದ ಏನು ಉಪಯೋಗ ಎಂದು ಆಗ ಯಾರಾದರೂ ಕೇಳಿದ್ದರೆ ವಿಲಿಯಮ್ಸ್ ತಡವರಿಸಬೇಕಿರಲಿಲ್ಲ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಈ ಅಂಕಿಗಳನ್ನೂ ಮಲಯದ ಕಾಡುಗಳಲ್ಲಿ ಸ್ಟೀವನ್ ಕಾರ್ಬೆಟ್ ಹಿಡಿದ ಚಿಟ್ಟೆಗಳ ಅಂಕಿಗಳನ್ನೂ ಜೋಡಿಸಿ, ಒಂದು ಜಾಗದಲ್ಲಿ ಜೀವವೈವಿಧ್ಯ ಎಷ್ಟಿದೆ ಎಂದು ಅಳೆಯುವ ಸೂತ್ರ ಕಟ್ಟಿದರು. ಮೂವರೂ ಸೇರಿ 1943ರಲ್ಲಿ ಪ್ರಕಟಿಸಿದ ಆ ಪ್ರಬಂಧವನ್ನು ಪರಿಸರವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಆದರೆ ಆ ದೀಪದಿಂದಾದ ದೊಡ್ಡ ಲಾಭ ಇದಲ್ಲ ಎಂಬುದು ನನ್ನ ಅನಿಸಿಕೆ. ಅದು ಕಾಣಿಸಿದ್ದು ಬಹಳ ತಡವಾಗಿ.

ಎರಡನೆಯ ಮಹಾಯುದ್ಧದ ನಂತರ ವಿಲಿಯಮ್ಸ್ ಅದೇ ಜಾಗದಲ್ಲಿ ಮತ್ತೆ ನಾಲ್ಕು ವರ್ಷ ಎಣಿಸಿದರು. 1960ರಲ್ಲಿ ಎಲ್. ಆರ್. ಟೇಲರ್ ದೀಪವನ್ನು ಮೂರನೆಯ ಸಲ ಹೊತ್ತಿಸಿದಾಗ ಬಲೆಗೆ ಬೀಳುವ ಪತಂಗಗಳ ಸಂಖ್ಯೆ ಹಳೆಯ ಮಟ್ಟಕ್ಕಿಂತ ಬಹಳ ಕೆಳಗಿಳಿದಿತ್ತು. ನಡುವಿನ ವರ್ಷಗಳಲ್ಲಿ ಇಂಗ್ಲೆಂಡಿನ ಬೇಸಾಯವೇ ಬದಲಾಗಿತ್ತು. ಹೊಲಗಳ ನಡುವಿನ ಬೇಲಿಸಾಲು ಕಿತ್ತು ಹೊಲಗಳನ್ನು ಒಂದುಮಾಡಿದ್ದರು, ಬೀಳುಬಿಟ್ಟ ಮೂಲೆಗಳೆಲ್ಲ ಉಳುಮೆಗೆ ಬಂದಿದ್ದವು. ಒಂದೇ ಹೊಲದ ಸಮಾಚಾರವೋ ಇಡೀ ದೇಶದ್ದೋ ಎಂದು ತಿಳಿಯಲು ಟೇಲರ್ ದೇಶದುದ್ದಕ್ಕೂ ಅದೇ ಬಗೆಯ ಬಲೆಗಳನ್ನು ಇಡಿಸಿದರು. ಅದೇ 200 ವ್ಯಾಟಿನ ತಂತಿ ಬಲ್ಬು, ಅದೇ ವಿನ್ಯಾಸ. ನೋಡಿಕೊಳ್ಳುವವರು ಬಹುಪಾಲು ಸಂಬಳವಿಲ್ಲದ ಉತ್ಸಾಹಿಗಳು. ಇನ್ನೂ ಪ್ರಖರವಾದ ಪಾದರಸ ದೀಪ ಇಟ್ಟರೆ ಹಲವು ಪಟ್ಟು ಹೆಚ್ಚು ಹುಳ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಬಲ್ಬು ಬದಲಾದ ದಿನವೇ ಹಿಂದಿನ ಲೆಕ್ಕಕ್ಕೂ ಮುಂದಿನ ಲೆಕ್ಕಕ್ಕೂ ಸಂಬಂಧ ಕಡಿದುಹೋಗುತ್ತಿತ್ತು. ಹಾಗಾಗಿ ಲೋಕವೆಲ್ಲ ಬೇರೆ ದೀಪಗಳಿಗೆ ಹೊರಳಿದರೂ ರೋಥಮ್‌ಸ್ಟೆಡ್‌ನವರು ಹಳೆಯ ಬಲ್ಬನ್ನು ಬಿಡಲಿಲ್ಲ.

2006ರಲ್ಲಿ ಕೆಲ್ವಿನ್ ಕಾನ್ರಾಡ್ ಮತ್ತು ಸಂಗಡಿಗರು 1968ರಿಂದ 2002ರವರೆಗಿನ 35 ವರ್ಷಗಳ ಲೆಕ್ಕ ಬಿಚ್ಚಿಟ್ಟರು. ಅವರು ನೋಡಿದ್ದು 337 ಜಾತಿಗಳನ್ನು. ಅಪರೂಪದವಲ್ಲ, ಎಲ್ಲೆಡೆ ಸಿಗುವ ಸಾಮಾನ್ಯ ಪತಂಗಗಳನ್ನೇ. ಅವುಗಳಲ್ಲಿ ಮೂರರಲ್ಲಿ ಎರಡು ಪಾಲು ಇಳಿಮುಖವಾಗಿದ್ದವು. 2021ರ ರಾಷ್ಟ್ರೀಯ ವರದಿಯ ಪ್ರಕಾರ ಐವತ್ತು ವರ್ಷಗಳಲ್ಲಿ ಬ್ರಿಟನ್ನಿನ ದೊಡ್ಡ ಪತಂಗಗಳ ಒಟ್ಟು ಸಂಖ್ಯೆ ಶೇ. 33ರಷ್ಟು ಕುಸಿದಿದೆ. ದಕ್ಷಿಣದಲ್ಲಿ ಶೇ. 39, ಉತ್ತರದಲ್ಲಿ ಶೇ. 22. ಗಾರ್ಡನ್ ಟೈಗರ್ ಎಂಬ, ಕಂದು ಬಿಳಿ ಕಿತ್ತಳೆ ಬಣ್ಣಗಳ ದಪ್ಪ ಪತಂಗವೊಂದಿದೆ. ಅದರ ಕಂಬಳಿಹುಳವನ್ನು ಹಿಡಿದು ಆಡದ ಮಕ್ಕಳೇ ಅಲ್ಲಿ ಇರಲಿಲ್ಲ ಎನ್ನುವಷ್ಟು ಪರಿಚಿತವಾಗಿತ್ತು. ಈಗ ಹಲವೆಡೆ ಕಾಣಸಿಗುವುದೇ ಕಷ್ಟ. ತೇವದ, ಬೆಚ್ಚನೆಯ ಚಳಿಗಾಲ ಅದರ ಮರಿಗಳಿಗೆ ಒಗ್ಗುವುದಿಲ್ಲ.

ವಿಚಿತ್ರವೆಂದರೆ, ಅದೇ ವರದಿಯಲ್ಲಿ ಹರವಿನ ಲೆಕ್ಕ ಬೇರೆಯೇ ಕಥೆ ಹೇಳುತ್ತದೆ. ಯಾವ ಜಾತಿ ಎಷ್ಟು ಊರುಗಳಲ್ಲಿದೆ ಎಂದು ನೋಡಿದರೆ ಶೇ. 37ರಷ್ಟು ಜಾತಿಗಳು ಹಬ್ಬಿವೆ, ಶೇ. 32ರಷ್ಟು ಕುಗ್ಗಿವೆ. ಹಬ್ಬಿದವೇ ಹೆಚ್ಚು! ವಾತಾವರಣ ಬೆಚ್ಚಗಾದಂತೆ ದಕ್ಷಿಣದ ಪತಂಗಗಳು ಉತ್ತರದ ಊರುಗಳಿಗೆ ನಡೆದಿವೆ. ಊರುಗಳು ಹೆಚ್ಚಾದವು, ಒಂದೊಂದು ಊರಿನಲ್ಲಿ ತಲೆಗಳು ಕಡಿಮೆಯಾದವು. ಜಾತಿಗಳ ಪಟ್ಟಿಯನ್ನಷ್ಟೇ ಬರೆದಿಟ್ಟಿದ್ದರೆ ಎಲ್ಲವೂ ಚೆನ್ನಾಗಿದೆ ಎಂದೇ ಅನಿಸುತ್ತಿತ್ತು.

ಊರಿನ ಗಡಿಯ ವಿಷಯದಲ್ಲೂ ಪತಂಗ ಎಣಿಸುವವರ ಹಟ ಮೆಚ್ಚುವಂಥದ್ದು. ಎಚ್. ಸಿ. ವಾಟ್ಸನ್ ಎಂಬ ಸಸ್ಯವಿಜ್ಞಾನಿ 1852ರಲ್ಲಿ ಬ್ರಿಟನ್ನನ್ನು 112 ತುಂಡುಗಳಾಗಿ ಗುರುತಿಸಿದ್ದ. ಆಮೇಲೆ ಸರ್ಕಾರಗಳು ಜಿಲ್ಲೆಗಳನ್ನು ಒಡೆದವು, ಸೇರಿಸಿದವು, ಹೆಸರು ಬದಲಿಸಿದವು. ಪತಂಗದವರು ಮಾತ್ರ ಇಂದಿಗೂ ಆ ಹಳೆಯ ಗಡಿಯೊಳಗೇ ದಾಖಲೆ ಬರೆಯುತ್ತಾರೆ. ಒಂದೊಂದು ತುಂಡಿಗೂ ಒಬ್ಬ ದಾಖಲೆಗಾರ. ಹವ್ಯಾಸಿಗಳು ಕಳಿಸಿದ್ದನ್ನು ಪರಿಶೀಲಿಸಿ ಒಪ್ಪುವವರು, ಅನುಮಾನ ಬಂದರೆ ತಿರಸ್ಕರಿಸುವವರು ಅವರೇ.

ಹವ್ಯಾಸಿ ಎಂದರೆ ಹಗುರವಾಗಿ ನೋಡುವಂತಿಲ್ಲ. ಲಿವರ್‌ಪೂಲಿನ ವೈದ್ಯ ಸಿರಿಲ್ ಕ್ಲಾರ್ಕ್ ಬಿಡುವಿನಲ್ಲಿ ಚಿಟ್ಟೆ ಸಾಕುತ್ತಿದ್ದರು. ಚಿಟ್ಟೆಗಳ ರೆಕ್ಕೆಯ ಬಣ್ಣ ಪೀಳಿಗೆಯಿಂದ ಪೀಳಿಗೆಗೆ ಹೇಗೆ ಬರುತ್ತದೆ ಎಂಬ ಕುತೂಹಲವೇ ಅವರನ್ನು ಮನುಷ್ಯರ ರಕ್ತದ ಗುಂಪಿನತ್ತ ಒಯ್ದಿತು. ಆರ್‌ಎಚ್ ನೆಗೆಟಿವ್ ತಾಯಂದಿರಿಗೆ ಇಂದು ಕೊಡುವ ಆಂಟಿ-ಡಿ ಚುಚ್ಚುಮದ್ದನ್ನು ರೂಪಿಸಿದವರಲ್ಲಿ ಅವರ ತಂಡವೂ ಒಂದು. ಇದೇ ಕ್ಲಾರ್ಕ್ 1959ರಿಂದ ಕಾಲ್ಡಿ ಎಂಬಲ್ಲಿನ ತಮ್ಮ ಮನೆಯ ತೋಟದಲ್ಲಿ ಬಲೆಯಿಟ್ಟು, ‘ಪೆಪ್ಪರ್ಡ್ ಮಾತ್’ ಎಂಬ ಒಂದೇ ಜಾತಿಯನ್ನು ವರ್ಷವರ್ಷವೂ ಎಣಿಸುತ್ತ ಹೋದರು.

ಬಿಳಿ ರೆಕ್ಕೆಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆಗಳಿರುವ ಪತಂಗ ಇದು. 1848ರಲ್ಲಿ ಮ್ಯಾಂಚೆಸ್ಟರಿನಲ್ಲಿ ಇದರದ್ದೊಂದು ಇದ್ದಿಲುಗಪ್ಪು ರೂಪ ಸಿಕ್ಕಿತು. ಗಿರಣಿಗಳ ಹೊಗೆ ಮರಗಳ ಮೇಲಿನ ಕಲ್ಲುಹೂವನ್ನು ಕೊಂದು ತೊಗಟೆಗೆ ಮಸಿ ಬಳಿದಿದ್ದ ಕಾಲ. 1895ರ ಹೊತ್ತಿಗೆ ಆ ಊರಿನಲ್ಲಿ ನೂರಕ್ಕೆ 98 ಕಪ್ಪಗಿದ್ದವು. ಬಿಳಿಯದನ್ನು ಹಕ್ಕಿಗಳು ಹೆಕ್ಕಿ ತಿನ್ನುತ್ತಿರಬೇಕು ಎಂದು ಟಟ್ ಎಂಬ ಕೀಟತಜ್ಞ ಮರುವರ್ಷವೇ ಬರೆದರು. ಇಷ್ಟು ಬೇಗ ಬಣ್ಣ ಬದಲಾಗಬೇಕಾದರೆ ಕಪ್ಪು ರೂಪ ಬಿಳಿಯದಕ್ಕಿಂತ ಒಂದೂವರೆ ಪಟ್ಟು ಸಂತಾನ ಉಳಿಸಬೇಕು ಎಂದು 1924ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಜೆ. ಬಿ. ಎಸ್. ಹಾಲ್ಡೇನ್. ಮುಂದೆ ಭಾರತಕ್ಕೆ ಬಂದು, ಇಲ್ಲಿಯ ಪ್ರಜೆಯಾಗಿ, ಭುವನೇಶ್ವರದಲ್ಲಿ ತೀರಿಕೊಂಡ ಅದೇ ಹಾಲ್ಡೇನ್.

ಶಾಲೆಯ ಪುಸ್ತಕಗಳು ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತವೆ. ಅದರ ಉತ್ತರಾರ್ಧ ಕ್ಲಾರ್ಕ್ ಅವರ ತೋಟದಲ್ಲಿದೆ. ಬ್ರಿಟನ್ನಿನಲ್ಲಿ ಹೊಗೆ ನಿಯಂತ್ರಣ ಕಾನೂನು ಬಂದದ್ದು 1956ರಲ್ಲಿ. 1959ರಲ್ಲಿ ಕಾಲ್ಡಿಯ ಬಲೆಗೆ ಬಿದ್ದವುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಪ್ಪು. 1990ರ ದಶಕದ ನಡುವಿನಲ್ಲಿ ಇಪ್ಪತ್ತಕ್ಕೂ ಕಡಿಮೆ. ಒಬ್ಬನೇ ಮನುಷ್ಯನ ಆಯುಷ್ಯದೊಳಗೆ, ಒಂದೇ ಹಿತ್ತಲಿನಲ್ಲಿ ವಿಕಾಸ ಹಿಂದಕ್ಕೆ ತಿರುಗಿದ್ದನ್ನು ಬರೆದಿಟ್ಟದ್ದು ಅದು. ಹಕ್ಕಿಗಳು ನಿಜವಾಗಿ ತಿನ್ನುತ್ತವೆಯೇ ಎಂಬ ಜಗಳ ಮಾತ್ರ ಬಹಳ ಕಾಲ ನಡೆಯಿತು. ಕೇಂಬ್ರಿಜ್‌ನ ಮೈಕಲ್ ಮಜೆರಸ್ ಅದನ್ನು ತೀರ್ಮಾನಿಸಲೆಂದು ತಮ್ಮ ಮನೆಯ ತೋಟದಲ್ಲಿ 4,864 ಪತಂಗಗಳನ್ನು ಬಿಟ್ಟು ನೋಡಿದರು. ಹೊಗೆಯಿಲ್ಲದ ಅಲ್ಲಿ ಹಕ್ಕಿಗಳ ಬಾಯಿಗೆ ಹೆಚ್ಚಾಗಿ ಸಿಕ್ಕಿದ್ದು ಕಪ್ಪು ರೂಪವೇ. ಅವರು 2009ರಲ್ಲಿ ತೀರಿಕೊಂಡರು. ಫಲಿತಾಂಶವನ್ನು ಗೆಳೆಯರು 2012ರಲ್ಲಿ ಪ್ರಕಟಿಸಿದರು. 2016ರಲ್ಲಿ ಕಪ್ಪು ಬಣ್ಣಕ್ಕೆ ಕಾರಣವಾದ ಡಿಎನ್ಎ ತುಣುಕೇ ಪತ್ತೆಯಾಯಿತು. ಅದು ಸೇರಿಕೊಂಡದ್ದು 1819ರ ಆಸುಪಾಸಿನಲ್ಲಿ ಎಂಬುದು ಅಂದಾಜು. ಅಂದರೆ ಮನುಷ್ಯರ ಕಣ್ಣಿಗೆ ಬೀಳುವ ಮೊದಲು ಆ ಕಪ್ಪು ಸುಮಾರು ಮೂವತ್ತು ವರ್ಷ ಗುಟ್ಟಾಗಿ ಹಾರಾಡಿಕೊಂಡಿತ್ತು.

ಹೊಗೆ ಇಳಿದದ್ದರಿಂದ ಗೆದ್ದ ಬೇರೆಯವೂ ಇವೆ. ಕಲ್ಲುಹೂ ತಿಂದು ಬೆಳೆಯುವ ‘ಫುಟ್‌ಮನ್’ ಗುಂಪಿನ ಬೂದು ಪತಂಗಗಳು ಮರದ ಮೇಲೆ ಕಲ್ಲುಹೂ ಮರಳಿದಂತೆ ಏರುತ್ತ ಬಂದಿವೆ. ಹಿಂದಿನ ರೆಕ್ಕೆಯಲ್ಲಿ ನೀಲಿ ಪಟ್ಟೆಯಿರುವ, ಸಂಗ್ರಾಹಕರು ಕನಸಿನಲ್ಲಿ ಕಾಣುತ್ತಿದ್ದ ಬ್ಲೂ ಅಂಡರ್‌ವಿಂಗ್ ಕಳೆದ ಶತಮಾನದಲ್ಲಿ ಅಲ್ಲಿ ನೆಲೆ ಕಳೆದುಕೊಂಡು ಈ ಶತಮಾನದಲ್ಲಿ ಮರಳಿದೆ. 2007ರಲ್ಲಿ ಪೂರ್ವ ಏಷ್ಯಾದ ಬಾಕ್ಸ್ ಗಿಡದ ಪತಂಗವೊಂದು ಬಂದಿಳಿಯಿತು. ಚೊಕ್ಕಟವಾಗಿ ಕತ್ತರಿಸಿಟ್ಟ ಆಂಗ್ಲ ತೋಟಗಳ ಬೇಲಿಗಳನ್ನು ಅದು ಕಡ್ಡಿಯಾಗಿಸಿದ ಪರಿಗೆ ತೋಟದವರು ಶಾಪ ಹಾಕುತ್ತಿದ್ದಾರೆ. ಇನ್ನು ಬೀದಿದೀಪ. ರಸ್ತೆಬದಿಯ ಬೇಲಿಗಳಲ್ಲಿ ಕಂಬಳಿಹುಳಗಳನ್ನು ಎಣಿಸಿದ ಡಗ್ಲಸ್ ಬಾಯ್ಸ್ ಮತ್ತು ಸಂಗಡಿಗರು 2021ರಲ್ಲಿ ಕೊಟ್ಟ ಲೆಕ್ಕ: ದೀಪವಿದ್ದ ಬೇಲಿಯಲ್ಲಿ ಕತ್ತಲಿನ ಬೇಲಿಗಿಂತ ಶೇ. 47ರಷ್ಟು ಕಡಿಮೆ. ಹಳದಿ ಸೋಡಿಯಂ ದೀಪಕ್ಕಿಂತ ಬಿಳಿ ಎಲ್‌ಇಡಿಯ ಪೆಟ್ಟು ಜೋರು.

ನಮ್ಮ ಕಡೆಗೆ ಬರೋಣ. ಬ್ರಿಟನ್ನಿನಲ್ಲಿ ಪತಂಗಗಳು ಎರಡೂವರೆ ಸಾವಿರ ಜಾತಿ. ಭಾರತದಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ. ಅವುಗಳನ್ನು ಮೊದಲು ಒಟ್ಟಾಗಿ ವಿವರಿಸಿದವನು ನೀಲಗಿರಿಯಲ್ಲಿ ಚಹಾ ತೋಟ ಮಾಡಿಕೊಂಡಿದ್ದ ಜಾರ್ಜ್ ಹ್ಯಾಂಪ್ಸನ್. 1892ರಿಂದ 1896ರೊಳಗೆ ನಾಲ್ಕು ಸಂಪುಟ ಮುಗಿಸಿದ. ಐದನೆಯದು ಬರಲು 1937ರವರೆಗೆ ಕಾಯಬೇಕಾಯಿತು, ಮತ್ತು ಅದರ ಬೇರು ಕಾರವಾರದಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತ್ಯದ ಜಿಲ್ಲೆ. ಅಲ್ಲಿ ಕಲೆಕ್ಟರ್ ಡೇವಿಡ್‌ಸನ್, ಉಪ್ಪು-ಸುಂಕದ ಇಲಾಖೆಯ ಏಟ್ಕೆನ್, ಅರಣ್ಯಾಧಿಕಾರಿ ಟಿ. ಆರ್. ಡಿ. ಬೆಲ್ ಮೂವರೂ ಸೇರಿ ಜಿಲ್ಲೆಯ ಚಿಟ್ಟೆಗಳನ್ನು ಮೊಟ್ಟೆಯಿಂದ ಸಾಕಿ, ಯಾವ ಗಿಡ ತಿನ್ನುತ್ತದೆ ಎಂದು ಬರೆದಿಟ್ಟರು. ಉಳಿದಿಬ್ಬರು ಹೊರಟುಹೋದರು. ಬೆಲ್ ನಿವೃತ್ತಿಯ ನಂತರವೂ ಕಾರವಾರದಲ್ಲೇ ಉಳಿದು ಪತಂಗಗಳಿಗೆ ಕೈಹಾಕಿದರು. ಅಸ್ಸಾಮಿನ ಕಡೆಯಲ್ಲಿದ್ದ ಮೇಜರ್ ಸ್ಕಾಟ್ ಜತೆ ಅವರು ಬರೆದ ಐದನೆಯ ಸಂಪುಟ ಹಾಕ್‌ಮಾತ್‌ಗಳದ್ದು. ಮುಸ್ಸಂಜೆ ಹೂವಿನೆದುರು ಗಾಳಿಯಲ್ಲೇ ನಿಂತು ಮಕರಂದ ಹೀರುವ, ಬಾಲದಲ್ಲಿ ಕೊಂಬಿರುವ ದಪ್ಪ ಹುಳುವಾಗಿ ಬೆಳೆಯುವ ಕುಟುಂಬ ಅದು. ಎಳ್ಳು ಬೆಳೆಯುವ ರೈತರಿಗೆ ಅದರ ಒಬ್ಬ ಸದಸ್ಯ ಚೆನ್ನಾಗಿ ಗೊತ್ತು. ದೊಡ್ಡದಾದ ಮೇಲೆ ಬೆನ್ನ ಮೇಲೆ ತಲೆಬುರುಡೆಯ ಗುರುತು ಹೊತ್ತು ಜೇನುಗೂಡಿಗೆ ನುಗ್ಗಿ ತುಪ್ಪ ಕದಿಯುವವನು.

ಬೆಲ್ ಬರೆದಿಟ್ಟ ವಿವರ ಅಸಾಧಾರಣ. ಹುಳುವಿನ ಬಣ್ಣ, ಕೂರುವ ಭಂಗಿ, ಕೋಶ ಕಟ್ಟುವ ಜಾಗ, ತಿನ್ನುವ ಸೊಪ್ಪು. ಆದರೆ ಆ ಕಾಲದ ಪುಸ್ತಕಗಳ ರೀತಿಯೇ ಬೇರೆ. ಇದು ‘ಸಾಮಾನ್ಯ’, ಅದು ‘ಅಪರೂಪ’ ಎಂದು ಹೇಳಿ ಮುಗಿಸುತ್ತಿದ್ದರು. ಒಂದು ರಾತ್ರಿಗೆ ಎಷ್ಟು ಎಂಬ ಅಂಕಿಯಿಲ್ಲದೆ ಅಂದಿನ ‘ಸಾಮಾನ್ಯ’ವನ್ನು ಇಂದಿನ ಯಾವುದರ ಪಕ್ಕ ಇಟ್ಟು ಅಳೆಯುವುದು?

ನಾವು ಎಣಿಸುವುದೇ ಇಲ್ಲ ಎಂದಲ್ಲ. ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆ ಪತಂಗದ ಗೂಡನ್ನು ದಿನದಿನವೂ ಕಿಲೋ ಲೆಕ್ಕದಲ್ಲಿ ತೂಗಿ ದರ ಬರೆಯುತ್ತೇವೆ. ಹಾರುವುದನ್ನೇ ಮರೆತ ಆ ಪತಂಗದಷ್ಟು ಪಕ್ಕಾ ದಾಖಲೆ ಕರ್ನಾಟಕದಲ್ಲಿ ಬೇರಾವ ಕೀಟಕ್ಕೂ ಇರಲಾರದು. ಬೆಳೆ ತಿನ್ನುವವೂ ಲೆಕ್ಕಕ್ಕೆ ಸೇರುತ್ತವೆ. ಹತ್ತಿಯ ಗುಲಾಬಿ ಕಾಯಿಕೊರಕಕ್ಕೆ ವಿಜ್ಞಾನದಲ್ಲಿ ಹೆಸರು ಬಿದ್ದದ್ದು 1843ರಲ್ಲಿ, ಗುಜರಾತಿನ ಭರೂಚಿನ ಹತ್ತಿಯಲ್ಲಿ ಸಿಕ್ಕ ಮಾದರಿಗಳಿಂದ. ಅಮೆರಿಕ ಖಂಡದ ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕಾಕ್ಕೆ ಕಾಲಿಟ್ಟಿತು. 2018ರ ಮುಂಗಾರಿನ ಹೊತ್ತಿಗೆ ಶಿವಮೊಗ್ಗದ ಮೆಕ್ಕೆಜೋಳದ ಸುಳಿಯಲ್ಲಿತ್ತು. ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಬಾಲದ ಬಳಿ ಚೌಕವಾಗಿ ನಾಲ್ಕು ಚುಕ್ಕೆ. ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಕೀಟತಜ್ಞರು ಗುರುತು ಹಿಡಿದರು. ಏಷ್ಯಾದಲ್ಲೇ ಮೊದಲ ದಾಖಲೆ ಅದು. ವರ್ಷದೊಳಗೆ ಚೀನಾ, 2020ಕ್ಕೆ ಆಸ್ಟ್ರೇಲಿಯಾ.

ಒಟ್ಟಿನಲ್ಲಿ ನಮ್ಮಲ್ಲಿ ಪತಂಗಕ್ಕೆ ಜನ್ಮಪತ್ರ ಸಿಗಬೇಕಾದರೆ ಅದು ನಮಗೆ ಅನ್ನ ಕೊಡಬೇಕು, ಇಲ್ಲವೇ ನಮ್ಮ ಅನ್ನ ತಿನ್ನಬೇಕು. ಲಾಭನಷ್ಟ ಎರಡೂ ಇಲ್ಲದ ಸಾವಿರಾರು ಜಾತಿಗಳದ್ದು ಖಾಲಿ ಪುಟ. ಸುಧಾರಣೆ ಆಗುತ್ತಿರುವುದು ನಿಜ. ‘ಮಾತ್ಸ್ ಆಫ್ ಇಂಡಿಯಾ’ ಜಾಲತಾಣದಲ್ಲಿ ದೇಶದ ಮೂಲೆಮೂಲೆಯ ಫೋಟೊಗಳು ಸೇರುತ್ತಿವೆ. 2012ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಶುರುವಾದ ಪತಂಗ ಸಪ್ತಾಹವನ್ನು ಇಲ್ಲಿಯೂ ದೀಪದೆದುರು ಬಿಳಿ ಪಂಚೆ ಕಟ್ಟಿ ಆಚರಿಸುವವರಿದ್ದಾರೆ. ಅದು ಜುಲೈ ಕೊನೆಯಲ್ಲಿ ಬೀಳುತ್ತದೆ, ಆಗುಂಬೆಯಲ್ಲಿ ಪಂಚೆ ಒಣಗಿಸುವುದೇ ಕಷ್ಟವಾದ ದಿನಗಳಲ್ಲಿ. ಅಮೆರಿಕದ ಬೇಸಿಗೆಗೆ ಹೊಂದಿಸಿದ ತಾರೀಕು, ಏನು ಮಾಡುವುದು. ಮೊದಲ ಮಳೆ ಬಿದ್ದು ಗೂಡುಗಳು ಒಡೆಯುವ ಮೇ-ಜೂನ್, ಮಳೆ ಹಿಂದೆ ಸರಿಯುವ ಸೆಪ್ಟೆಂಬರ್-ಅಕ್ಟೋಬರ್ ನಮ್ಮ ನೆಲಕ್ಕೆ ಹೆಚ್ಚು ಸರಿ ಎನಿಸುತ್ತದೆ.

ಆದರೆ ಫೋಟೊ ತೆಗೆಯುವವರ ಕೈ ಚೆಂದದ್ದರ ಕಡೆಗೇ ಹೋಗುತ್ತದೆ. ಚಂದ್ರಪತಂಗ ಬಂದರೆ ನಲವತ್ತು ಚಿತ್ರ, ಪಕ್ಕದಲ್ಲಿ ಕೂತ ಕಂದು ಚೂರಿಗೆ ಒಂದೂ ಇಲ್ಲ. ಎಣಿಕೆಗೆ ಬೇಕಾದದ್ದು ಬೇರೆ ಶಿಸ್ತು: ಒಂದೇ ಜಾಗ, ಒಂದೇ ಬಲ್ಬು, ಒಂದೇ ಹೊತ್ತು, ಬಂದ ಎಲ್ಲದರ ಸಂಖ್ಯೆ, ಜತೆಗೆ ಮಳೆಯೋ ಬೆಳದಿಂಗಳೋ ಎಂಬ ಟಿಪ್ಪಣಿ. ಬೆಳದಿಂಗಳಲ್ಲಿ ದೀಪಕ್ಕೆ ಹುಳ ಕಡಿಮೆ ಬರುತ್ತದಾದ್ದರಿಂದ ಅದನ್ನು ಬರೆಯದಿದ್ದರೆ ಹುಣ್ಣಿಮೆಯ ಇಳಿತವೂ ಜಾತಿಯ ಇಳಿತದಂತೆ ಕಾಣುತ್ತದೆ. ಏನೂ ಬಾರದ ರಾತ್ರಿ ಪುಟದಲ್ಲಿ ಸೊನ್ನೆ ಬೀಳಬೇಕು. ಬರೆಯದೆ ಬಿಟ್ಟ ರಾತ್ರಿಗೂ ಬಾರದ ರಾತ್ರಿಗೂ ಹತ್ತು ವರ್ಷದ ಮೇಲೆ ಯಾರೂ ವ್ಯತ್ಯಾಸ ಹೇಳಲಾರರು. ಹೆಸರು ಗೊತ್ತಿಲ್ಲದ್ದಕ್ಕೆ ಫೋಟೊದ ಜತೆ ಒಂದು ನಂಬರು ಕೊಟ್ಟರೂ ನಡೆಯುತ್ತದೆ, ಹೆಸರನ್ನು ಆಮೇಲೆ ತುಂಬಬಹುದು. ಹಳ್ಳಿಯ ಬೀದಿಗೆ ಬಿಳಿ ಎಲ್‌ಇಡಿ ಬರುವ ಮೊದಲು ಇದನ್ನು ಶುರುಮಾಡಿದ ಹೈಸ್ಕೂಲೊಂದು ಇದ್ದರೆ, ದೀಪ ಬಂದ ಮೇಲೆ ಏನಾಯಿತೆಂದು ಹೇಳಲು ಅದಕ್ಕೆ ಇಂಗ್ಲೆಂಡಿನ ಬೇಲಿಯ ಉದಾಹರಣೆ ಬೇಕಾಗುವುದಿಲ್ಲ.