ಗಂಡಾಸ್ಥಿಯೂ ಅದರ ನೆರಳುಚಿತ್ರವೂ

ಮುಖದ ಚೆಲುವನ್ನು ವರ್ಣಿಸುವಾಗ ನಾವು ಕಣ್ಣನ್ನು ಹೊಗಳುವೆವು, ಮೂಗನ್ನು ಹೊಗಳುವೆವು. ಕೆನ್ನೆಗೆ ಉಬ್ಬನ್ನು ಕೊಟ್ಟು ಕಣ್ಣಿಗೆ ಕಾವಲಾಗಿ ನಿಂತಿರುವ ಮೂಳೆಯನ್ನು ನೆನೆಯುವುದಿಲ್ಲ. ಪೆಟ್ಟು ಬಿದ್ದಾಗಲೇ ಅದರ ನೆನಪು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸೀಮೆಯಲ್ಲಿ ಅಂತಹ ಪೆಟ್ಟಿಗೆ ಸಂದರ್ಭಗಳುಂಟು. ದೀಪಾವಳಿ ಬಂದಿತೆಂದರೆ ಅಲ್ಲಿ ಕೊಬ್ಬರಿಯ ಹಾರ ತೊಡಿಸಿದ ಹೋರಿಗಳನ್ನು ಬೆದರಿಸಿ ಓಡಿಸುವರು. ಹಾರವನ್ನು ಹರಿಯಲು ನುಗ್ಗುವ ತರುಣನಿಗೆ ಕೊಂಬೋ ಗೊರಸೋ ತಾಗಬಹುದು. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಶಿರಸ್ತ್ರಾಣವಿಲ್ಲದೆ ಮೋಟಾರು ಸೈಕಲ್ಲಿನಿಂದ ಬಿದ್ದವನಿಗೂ, ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಚೀಲ ಹೊತ್ತು ಜಾರಿದವನಿಗೂ ಮೊದಲು ನೆಲ ಮುಟ್ಟುವುದು ಹಲವು ವೇಳೆ ಕೆನ್ನೆಯೇ.

ಈ ಮೂಳೆಗೆ ಗಂಡಾಸ್ಥಿ ಎಂದು ಹೆಸರು. ಶ್ರೋತೃಗಳು ಕಣ್ಣಿನ ಹೊರತುದಿಯ ಕೆಳಗೆ ಬೆರಳಿಟ್ಟು ಕಿವಿಯ ಕಡೆಗೆ ಸರಿಸಿ ನೋಡಬಹುದು. ಗಟ್ಟಿಯಾದ ಉಬ್ಬೂ ಅದರಿಂದ ಹಿಂದಕ್ಕೆ ಚಾಚಿದ ತೆಳುವಾದ ಕಮಾನೂ ಕೈಗೆ ಸಿಕ್ಕುವುವು. ಮೇಲೆ ಹಣೆಯ ಮೂಳೆ, ಮುಂದೆ ಮೇಲ್ದವಡೆಯ ಮೂಳೆ, ಹಿಂದೆ ಕಿವಿಯ ಬಳಿಯ ಕಪೋಲದಾಚೆಯ ಮೂಳೆ, ಒಳಗೆ ಕಪಾಲದ ತಳದಲ್ಲಿ ರೆಕ್ಕೆ ಹರಡಿದ ಜತೂಕಾಸ್ಥಿ, ಹೀಗೆ ನಾಲ್ಕು ನೆರೆಯವರೊಡನೆ ಅದು ಕೂಡಿಕೊಂಡಿದೆ. ಕಣ್ಣಿನ ಗುಳಿಯ ಹೊರಗೋಡೆಯ ಮುಂಭಾಗವೂ ನೆಲದ ಒಂದು ಪಾಲೂ ಅದರದೇ. ಅಗಿಯುವ ದೊಡ್ಡ ಸ್ನಾಯು ಹುಟ್ಟುವುದೂ ಅಲ್ಲಿಯೇ.

ಮೂಳೆಯ ನಡುಭಾಗ ಬಲವಾದುದು. ಆದುದರಿಂದ ಪೆಟ್ಟು ತಿಂದಾಗ ಅದು ಚೂರಾಗುವುದಕ್ಕಿಂತ ಹೆಚ್ಚಾಗಿ ನೆರೆಯವರೊಡನೆ ಕೂಡಿದ ಎಡೆಗಳಲ್ಲಿ ಬಿರಿದು, ಇಡಿಯಾಗಿ ಒಳಕ್ಕೆ ಕುಸಿಯುತ್ತದೆ. ಆಗ ಕೆನ್ನೆ ಚಪ್ಪಟೆಯಾಗಬೇಕಷ್ಟೆ. ಆದರೆ ಕೆಲವು ಗಂಟೆಗಳಲ್ಲಿ ಬಾವು ಏರಿ ತಗ್ಗನ್ನು ತುಂಬಿಬಿಡುತ್ತದೆ. ಮನೆಯವರು ಕಣ್ಣು ಊದಿದೆ, ಇಳಿದೀತು ಎಂದು ಸುಮ್ಮನಾಗುವರು. ಈ ಮೋಸವನ್ನು ಬಯಲುಮಾಡುವುದೇ ಚಿತ್ರದ ಕೆಲಸ.

1895ರಲ್ಲಿ ರಾಂಟ್ಜೆನ್ ಕ್ಷ-ಕಿರಣವನ್ನು ಕಂಡುಹಿಡಿದನು. ಆದರೆ ಮುಖವನ್ನು ನೇರವಾಗಿ ಎದುರಿಗಿಟ್ಟು ಚಿತ್ರ ತೆಗೆದರೆ ಕಪಾಲದ ತಳದ ದಪ್ಪ ಮೂಳೆಗಳ ನೆರಳು ಅಡ್ಡ ಬರುತ್ತದೆ. 1915ರಲ್ಲಿ ವಾಟರ್ಸ್ ಮತ್ತು ವಾಲ್ಡ್ರನ್ ಎಂಬುವರು ಗದ್ದವನ್ನೆತ್ತಿ ತಲೆಯನ್ನು ಹಿಂದಕ್ಕೆ ವಾಲಿಸುವ ಭಂಗಿಯನ್ನು ವಿವರಿಸಿದರು. ಆಗ ಅಡ್ಡ ಬರುವ ನೆರಳು ಕೆಳಗಿಳಿದು, ಗಂಡಾಸ್ಥಿ ತೆರವಾಗಿ ಕಾಣುತ್ತದೆ. ಅದರ ಅಂಚು ಪಕ್ಕದಿಂದ ಕಂಡ ಆನೆಯ ತಲೆಯಂತಿರುವುದೆಂದೂ, ಕಮಾನೇ ಸೊಂಡಿಲೆಂದೂ ಬೋಧಕರು ಹೇಳಿಕೊಡುವರು. ಎರಡು ಕಡೆಯ ಆನೆಗಳೂ ಒಂದೇ ಬಗೆಯಾಗಿರಬೇಕು; ಒಂದರ ಸೊಂಡಿಲು ಮುರಿದಿದ್ದರೆ, ಅಂಚು ಮೆಟ್ಟಿಲಾಗಿದ್ದರೆ, ಇಲ್ಲವೆ ಮೇಲ್ದವಡೆಯೊಳಗಿನ ಕಪ್ಪಾದ ಗಾಳಿಗೂಡು ರಕ್ತ ತುಂಬಿ ಮಸುಕಾಗಿದ್ದರೆ ಸಂಶಯಪಡಬೇಕು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮೇಲೆ ಪ್ರಯೋಗಿಸಿದ ಸಿ.ಟಿ. ಯಂತ್ರವು ಮುಖವನ್ನು ತೆಳು ಪದರಗಳಾಗಿ ತೋರಿಸುತ್ತದೆ. ನಾಲ್ಕು ಸಂಧಿಗಳಲ್ಲಿ ಯಾವುದು ಬಿರಿದಿದೆ, ಕಣ್ಣಿನ ಗುಳಿಯ ನೆಲ ಎಷ್ಟು ಕುಸಿದಿದೆ ಎಂಬುದು ಈಗ ಅದರಿಂದಲೇ ನಿಶ್ಚಯವಾಗುವುದು.

ಚಿತ್ರ ಬೇಕೆಂದು ತಿಳಿಯುವುದು ಹೇಗೆ? ಒಂದು ವಸ್ತು ಎರಡಾಗಿ ಕಾಣುವುದು. ಕೆನ್ನೆ, ಮೇಲ್ದುಟಿ, ಮೇಲಿನ ಹಲ್ಲುಗಳು ಜೋಮುಹಿಡಿದಂತಿರುವುದು. ಬಾಯಿ ಪೂರ್ಣ ತೆರೆಯದಿರುವುದು. ಕಣ್ಣಿನ ಅಂಚಿನಲ್ಲಿ ಬೆರಳಿಗೆ ಮೆಟ್ಟಿಲು ತಾಗುವುದು, ಇವುಗಳಲ್ಲಿ ಒಂದಿದ್ದರೂ ವೈದ್ಯರನ್ನು ಕಾಣತಕ್ಕದ್ದು. ಅಂತಹವನು ಮೂಗನ್ನು ಸೀದಬಾರದು. ಒಡೆದ ಗೂಡಿನ ಗಾಳಿ ಕಣ್ಣಿನ ಗುಳಿಗೆ ನುಗ್ಗೀತು. ಕಣ್ಣು ಉಬ್ಬಿ ಬಿಗಿದು, ನೋವಿನೊಡನೆ ದೃಷ್ಟಿ ಕುಂದಿದರೆ ಒಂದು ಗಳಿಗೆಯೂ ತಡೆಯಬಾರದು. ಉಳಿದವರಿಗೆ ಬಾವು ಇಳಿದ ಮೇಲೆ, ಸಾಮಾನ್ಯವಾಗಿ ಎರಡು ವಾರಗಳೊಳಗೆ, ಮೂಳೆಯನ್ನು ಎತ್ತಿ ಕೂರಿಸುವುದು ಸುಲಭ. ಕೆಲವು ವಾರ ಕಳೆದರೆ ಅದು ತಪ್ಪಾದ ಸ್ಥಳದಲ್ಲಿಯೇ ಬೆಸೆದುಕೊಳ್ಳುತ್ತದೆ; ಆಮೇಲೆ ಅದನ್ನು ಮತ್ತೆ ಕತ್ತರಿಸಿ ಸರಿಪಡಿಸಬೇಕಾಗುವುದು.