ಕೆಂಡದಲ್ಲಿ ಸುಟ್ಟ ಬದನೆಕಾಯಿ ಬಜ್ಜಿ

ಬರೀ ಓದಿ ಕಲಿತು, ಕೈಯಲ್ಲಿ ಮಾಡಲು ಬಾರದಿದ್ದರೆ ಅದನ್ನು ‘ಪುಸ್ತಕದ ಬದನೆಕಾಯಿ’ ಅಂತ ದೊಡ್ಡವರು ನಗುತ್ತಾರೆ. ಸ್ನೇಹಿತರೇ, ನಾನು ಬರೆಯುತ್ತಿರುವುದು ಒಲೆಯ ಬದನೆಕಾಯಿ ಬಗ್ಗೆ. ಓದಿದ ಮೇಲೆ ನೀವೂ ಮಾಡಬೇಕು.

ಬಜ್ಜಿ ಎಂದ ಕೂಡಲೇ ಜಾತ್ರೆ ಅಂಗಡಿಯಲ್ಲಿ ಎಣ್ಣೆಯಲ್ಲಿ ಕರಿಯುವ ಬಜ್ಜಿ ಅಂದುಕೊಳ್ಳಬೇಡಿ. ಬದನೆಕಾಯಿ ಸುಟ್ಟು, ಸಿಪ್ಪೆ ತೆಗೆದು, ಕಿವುಚಿ, ಹಸಿ ಈರುಳ್ಳಿ, ಕೊತ್ತಂಬರಿ ಸೊಪ್ಪು ಹಾಕಿ ಮಾಡುವುದಕ್ಕೂ ನಮ್ಮ ಕಡೆ ಬಜ್ಜಿ ಅಂತಲೇ ಹೆಸರು. ಕೆಲವರು ಗೊಜ್ಜು ಅಂತಾರೆ. ಮುದ್ದೆ, ರೊಟ್ಟಿ, ಅನ್ನ ಎಲ್ಲದಕ್ಕೂ ಆಗುತ್ತೆ. ಉತ್ತರ ಭಾರತದಲ್ಲಿ ಸುಟ್ಟ ಬದನೆಕಾಯಿಯಿಂದ ಬೈಂಗನ್ ಭರ್ತಾ ಮಾಡುತ್ತಾರೆ, ಮಹಾರಾಷ್ಟ್ರದಲ್ಲಿ ಭರೀತ ಮಾಡುತ್ತಾರೆ. ಅರಬ್ ದೇಶಗಳಲ್ಲೂ ಬದನೆಕಾಯಿ ಸುಟ್ಟು ತಿನ್ನುತ್ತಾರೆ.

ಏಕೆ ಸುಡಬೇಕು?

ಒಂದು ಬದನೆಕಾಯಿಯನ್ನು ಬಕೆಟ್ ನೀರಿಗೆ ಹಾಕಿ ನೋಡಿ, ತೇಲುತ್ತದೆ. ಏಕೆಂದರೆ ಅದರ ತಿರುಳು ಸ್ಪಂಜಿನ ಹಾಗೆ ಇದೆ, ಒಳಗೆಲ್ಲ ಗಾಳಿ ತುಂಬಿದೆ. ಹೆಚ್ಚಿ ಬಾಣಲೆಗೆ ಹಾಕಿದರೆ ಆ ಸ್ಪಂಜು ಎಣ್ಣೆಯನ್ನೆಲ್ಲ ಹೀರಿಬಿಡುತ್ತೆ. ‘ಎಷ್ಟು ಎಣ್ಣೆ ಹಾಕಿದರೂ ಸಾಲಲ್ಲ’ ಅಂತ ಅಮ್ಮಂದಿರು ಬಯ್ಯುವುದು ಇದಕ್ಕೇ! ಸುಟ್ಟರೆ ಒಂದೆರಡು ತೊಟ್ಟು ಎಣ್ಣೆ ಸಾಕು. ನಮ್ಮ ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದಿಂದ ಬರುತ್ತದೆ. ಆದ್ದರಿಂದ ಇದು ಹೊಟ್ಟೆಗೂ ಹಗುರ, ಖರ್ಚಿಗೂ ಹಗುರ.

ಸುಡುವಾಗ ಒಳಗೆ ಏನಾಗುತ್ತದೆ? ಬದನೆಕಾಯಿಯಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ನೀರೇ ಇದೆ. ಹೊರಗೆ ಕೆಂಡದ ಬಿಸಿ ಬಹಳ. ಆದರೆ ಒಳಗೆ ನೀರು ಇರುವ ತನಕ ತಿರುಳಿನ ಬಿಸಿ ೧೦೦ ಡಿಗ್ರಿ ಸೆಲ್ಸಿಯಸ್ ಹತ್ತಿರವೇ ನಿಲ್ಲುತ್ತದೆ. ಆದ್ದರಿಂದ ಸಿಪ್ಪೆ ಕರಕಲಾದರೂ ತಿರುಳು ಸೀಯುವುದಿಲ್ಲ, ತನ್ನ ಹಬೆಯಲ್ಲೇ ಬೇಯುತ್ತದೆ. ಸಿಪ್ಪೆಯೇ ಪಾತ್ರೆ, ತೊಟ್ಟೇ ಹಿಡಿ! ಸಿಪ್ಪೆ ಸುಟ್ಟ ಘಮ ತಿರುಳಿಗೂ ಬರುತ್ತದೆ. ಬೇರೆ ಮಸಾಲೆ ಬೇಕಾಗುವುದಿಲ್ಲ.

ಎಂಥ ಕಾಯಿ ಆರಿಸಬೇಕು?

ದಪ್ಪ ಗುಂಡು ಬದನೆ ಒಳ್ಳೆಯದು. ಎಳೆಯದಾಗಿರಬೇಕು. ಬಲಿತ ಕಾಯಿಯಲ್ಲಿ ಬೀಜ ಜಾಸ್ತಿ, ಕಹಿಯೂ ಇರುತ್ತೆ. ಹೊಳೆಯುವ ಸಿಪ್ಪೆ, ಹಸಿರು ತೊಟ್ಟು ಇದ್ದರೆ ಹೊಸ ಕಾಯಿ ಎಂದು ತಿಳಿಯಿರಿ. ಉಡುಪಿ ಹತ್ತಿರದ ಮಟ್ಟು ಎಂಬ ಊರಿನಲ್ಲಿ ತಿಳಿ ಹಸಿರು ಬಣ್ಣದ ಗುಂಡು ಬದನೆ ಬೆಳೆಯುತ್ತಾರೆ. ಅದೇ ಮಟ್ಟು ಗುಳ್ಳ. ಅದರ ಬೀಜವನ್ನು ವಾದಿರಾಜ ಸ್ವಾಮಿಗಳು ಕೊಟ್ಟರು ಎಂದು ಅಲ್ಲಿಯ ಜನ ಹೇಳುತ್ತಾರೆ. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಅದನ್ನೂ ಸುಟ್ಟು ಗೊಜ್ಜು ಮಾಡುತ್ತಾರೆ.

ಮುಖ್ಯವಾದ ಮಾತು: ಹುಳು

ಸಾರಿಗೆ ಹಾಕುವಾಗ ಕಾಯಿ ಹೆಚ್ಚುತ್ತೇವೆ, ಹುಳು ಇದ್ದರೆ ಕಾಣುತ್ತದೆ. ಸುಡುವಾಗ ಇಡೀ ಕಾಯಿ ಇಡುತ್ತೇವೆ, ಒಳಗೆ ಏನಿದೆಯೋ ಗೊತ್ತಾಗಲ್ಲ. ಬದನೆಗೆ ಕಾಯಿ ಕೊರೆಯುವ ಹುಳುವಿನ ಕಾಟ ಜಾಸ್ತಿ. ಮರಿಹುಳು ಚಿಕ್ಕದಿದ್ದಾಗಲೇ ಕೊರೆದು ಒಳಗೆ ಹೋಗುತ್ತದೆ. ಹೋದ ತೂತು ಮುಚ್ಚಿಹೋಗುತ್ತದೆ. ನಮಗೆ ಕಾಣುವ ದೊಡ್ಡ ತೂತು ಅದು ತಿಂದು ದಪ್ಪವಾಗಿ ಹೊರಗೆ ಬಂದದ್ದು. ಅಂದರೆ ತೂತಿಲ್ಲದ ಕಾಯಿಯಲ್ಲೂ ಹುಳು ಇರಬಹುದು!

ಅದಕ್ಕೆ ಸುಡುವ ಮೊದಲು ಕಾಯಿಯನ್ನು ಚೆನ್ನಾಗಿ ತೊಳೆದು, ತೊಟ್ಟು ಬಿಟ್ಟು ಉದ್ದಕ್ಕೆ ಒಂದು ಗೀರು ಹಾಕಿ, ಬಿಡಿಸಿ ನೋಡಬೇಕು. ಇದರಿಂದ ಎರಡು ಕೆಲಸ ಆಗುತ್ತೆ. ಹುಳು ಇದ್ದರೆ ಸಿಕ್ಕಿಬೀಳುತ್ತೆ. ಒಳಗಿನ ಹಬೆಗೂ ದಾರಿ ಆಗುತ್ತೆ. ಗೀರು ಇಲ್ಲದಿದ್ದರೆ ಹಬೆ ತುಂಬಿ ಕಾಯಿ ಒಡೆದು ಬಿಸಿ ತಿರುಳು ಮುಖಕ್ಕೆ ಹಾರಬಹುದು. ಸುಟ್ಟ ಮೇಲೆ ಬಿಡಿಸುವಾಗಲೂ ಇನ್ನೊಂದು ಸಲ ಬೆಳಕಿನಲ್ಲಿ ನೋಡಿ.

ಈ ಹುಳುವಿಗೆಂದೇ ರೈತರು ಮತ್ತೆ ಮತ್ತೆ ಔಷಧಿ ಹೊಡೆಯುತ್ತಾರೆ. ಆದ್ದರಿಂದ ತೊಳೆಯುವುದನ್ನು ಮರೆಯಬಾರದು. ಈ ಹುಳುವನ್ನು ತಡೆಯಲೆಂದು ಬಿ.ಟಿ. ಬದನೆ ಎಂಬ ಕುಲಾಂತರಿ ತಳಿ ಮಾಡಿದ್ದರು. ದೇಶದಲ್ಲೆಲ್ಲ ಚರ್ಚೆ ನಡೆದು, ೨೦೧೦ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅದಕ್ಕೆ ತಡೆ ಹಾಕಿತು.

ಬೇಕಾಗುವ ಸಾಮಾನು (೩-೪ ಜನಕ್ಕೆ)

ದಪ್ಪ ಬದನೆಕಾಯಿ ೨, ಹಸಿಮೆಣಸಿನಕಾಯಿ ೩, ಈರುಳ್ಳಿ ೧, ಕೊತ್ತಂಬರಿ ಸೊಪ್ಪು ಒಂದು ಹಿಡಿ, ನಿಂಬೆಹಣ್ಣು ಅರ್ಧ, ಉಪ್ಪು, ಎಣ್ಣೆ ಒಂದೆರಡು ತೊಟ್ಟು. ಇದ್ದರೆ ಸ್ವಲ್ಪ ಕಾಯಿತುರಿ.

ಮಾಡುವ ವಿಧಾನ

ಒಲೆಯಲ್ಲಿ ಮುದ್ದೆ ಬೆಂದು ಸೌದೆ ಉರಿದು ಮುಗಿದ ಮೇಲೆ ಕೆಂಡ ಉಳಿಯುತ್ತದಲ್ಲ, ಅದೇ ಸರಿಯಾದ ಹೊತ್ತು. ಜೋರು ಉರಿಯಲ್ಲಿ ಇಟ್ಟರೆ ಸಿಪ್ಪೆ ಬೇಗ ಕರಿಯಾಗಿ ಒಳಗೆ ಹಸಿಯಾಗೇ ಇರುತ್ತೆ. ಕಾಯಿಗೆ ಎಣ್ಣೆ ಸವರಿ ಕೆಂಡದ ಮೇಲಿಡಿ. ಎಣ್ಣೆ ಸವರಿದರೆ ಸಿಪ್ಪೆ ಸುಲಭವಾಗಿ ಬಿಡುತ್ತೆ. ಮೂರು ನಾಲ್ಕು ನಿಮಿಷಕ್ಕೊಮ್ಮೆ ಇಕ್ಕಳದಲ್ಲಿ ತಿರುಗಿಸುತ್ತಿರಿ. ಸುಮಾರು ೧೫-೨೦ ನಿಮಿಷ ಬೇಕು. ಮೆಣಸಿನಕಾಯಿಗೂ ಒಂದು ಗೀರು ಹಾಕಿ ಕೊನೆಗೆ ಎರಡು ನಿಮಿಷ ಸುಡಿ. ತೊಟ್ಟಿನ ಹತ್ತಿರ ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿಯಬೇಕು, ಆಗ ಬೆಂದಿದೆ ಎಂದು ಅರ್ಥ. ಗ್ಯಾಸ್ ಒಲೆಯಲ್ಲಾದರೆ ಸಣ್ಣ ಉರಿ ಇಟ್ಟು ಹೀಗೇ ತಿರುಗಿಸಬೇಕು.

ಸುಟ್ಟ ಕಾಯಿಯನ್ನು ಒಂದು ಪಾತ್ರೆಯಲ್ಲಿಟ್ಟು ಐದು ನಿಮಿಷ ಮುಚ್ಚಿ. ಆಮೇಲೆ ಕೈಯನ್ನು ನೀರಿನಲ್ಲಿ ಅದ್ದಿಕೊಂಡು ಕರಿ ಸಿಪ್ಪೆಯನ್ನು ಪೂರ್ತಿ ತೆಗೆಯಿರಿ. ಕಾಯಿಯನ್ನೇ ನೀರಿಗೆ ಹಾಕಿ ತೊಳೆಯಬೇಡಿ, ಘಮವೂ ರುಚಿಯೂ ಹೊರಟುಹೋಗುತ್ತೆ. ಉಪ್ಪು, ಮೆಣಸಿನಕಾಯಿ ಸೇರಿಸಿ ಕಿವುಚಿ. ಊಟಕ್ಕೆ ಕೂರುವಾಗ ಸಣ್ಣಗೆ ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು, ಕಾಯಿತುರಿ ಮೇಲೆ ಹಾಕಿ ನಿಂಬೆರಸ ಹಿಂಡಿ. ಖಾರ ತಡೆಯದವರು ಎರಡು ಚಮಚ ಮೊಸರು ಸೇರಿಸಿಕೊಳ್ಳಬಹುದು.

ಹಸಿಯದನ್ನು ಕೊನೆಗೆ ಏಕೆ?

ಬೇಗ ಹಾಕಿದರೆ ಉಪ್ಪಿಗೆ ಈರುಳ್ಳಿ ನೀರು ಬಿಟ್ಟು ಮೆತ್ತಗಾಗುತ್ತೆ. ಮೆತ್ತನೆಯ ಬಜ್ಜಿ ಜೊತೆ ಅದು ಕರಕರ ಅಂದರೇ ಚೆನ್ನ. ಇನ್ನೊಂದು ಕಾರಣವೂ ಇದೆ. ನಿಂಬೆಹಣ್ಣು ಮತ್ತು ಕೊತ್ತಂಬರಿ ಸೊಪ್ಪಿನಲ್ಲಿರುವ ‘ಸಿ’ ಜೀವಸತ್ವ ಬಿಸಿಗೆ ಹಾಳಾಗುತ್ತದೆ. ಹಸಿಯಾಗಿ ತಿಂದರೆ ಉಳಿಯುತ್ತದೆ. ರಾಗಿಯಲ್ಲಿರುವ ಕಬ್ಬಿಣಾಂಶ ನಮ್ಮ ಮೈಗೆ ಹಿಡಿಯಲು ಇದೇ ಜೀವಸತ್ವ ಸಹಾಯ ಮಾಡುತ್ತದೆ. ನೂರು ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮುದ್ದೆ ಮತ್ತು ಬಜ್ಜಿ ಎಂಥ ಒಳ್ಳೆ ಜೋಡಿ ನೋಡಿ!

ಎಚ್ಚರಿಕೆ

೧. ದೊಡ್ಡವರು ಹತ್ತಿರ ಇದ್ದಾಗ ಮಾತ್ರ ಒಲೆ ಮುಂದೆ ಕೂರಿ. ಲಂಗ, ದುಪಟ್ಟ, ಶರ್ಟಿನ ತೋಳು ಒಲೆ ಕಡೆ ಜೋಲಾಡಬಾರದು.

೨. ಪ್ಲಾಸ್ಟಿಕ್ ಅಥವಾ ಬಣ್ಣ ಹಚ್ಚಿದ ಮರ ಉರಿಸಿದ ಕೆಂಡದಲ್ಲಿ ಸುಡಬಾರದು. ಅದರ ಹೊಗೆಯಲ್ಲಿ ವಿಷ ಇರುತ್ತದೆ.

೩. ಕೈ ಸುಟ್ಟರೆ ಕೂಡಲೇ ೨೦ ನಿಮಿಷ ತಣ್ಣೀರು ಸುರಿಯಬೇಕು. ಪೇಸ್ಟು, ಇಂಕು ಹಚ್ಚಬಾರದು. ಗುಳ್ಳೆ ಒಡೆಯಬಾರದು. ಗಾಯ ದೊಡ್ಡದಿದ್ದರೆ ಆಸ್ಪತ್ರೆಗೆ ಹೋಗಬೇಕು.

೪. ಬದನೆಕಾಯಿ ತಿಂದರೆ ಮೈ ತುರಿಸುವವರು ತಿನ್ನಬೇಡಿ.

೫. ಮಾಡಿದ ಹೊತ್ತಿಗೇ ತಿಂದು ಮುಗಿಸಿ. ರಾತ್ರಿಯದನ್ನು ಬೆಳಗ್ಗೆಗೆ ಇಟ್ಟರೆ ಹಳಸುತ್ತೆ.

ಇದು ಹುಡುಗಿಯರ ಕೆಲಸ ಅಂತ ಹುಡುಗರು ಜಾರಿಕೊಳ್ಳಬೇಡಿ. ಇದಕ್ಕೆ ಒಗ್ಗರಣೆ ಇಲ್ಲ, ರುಬ್ಬುವುದಿಲ್ಲ, ತಿರುಗಿಸುವ ತಾಳ್ಮೆ ಒಂದಿದ್ದರೆ ಸಾಕು. ಹೊಲದಿಂದ ಸುಸ್ತಾಗಿ ಬಂದ ಅವ್ವ ಮುದ್ದೆ ತೊಳಸಿ ಇಳಿಸಿದ ಮೇಲೆ, ‘ನೀನು ಕೂತ್ಕೋ ಅವ್ವ, ಬಜ್ಜಿ ನಾನು ಮಾಡ್ತೀನಿ’ ಅಂದು ನೋಡಿ. ಆಮೇಲೆ ಅವ್ವ ಏನಂದರು ಅಂತ ನಮಗೂ ಬಂದು ಹೇಳಿ.

– ೭ನೇ ತರಗತಿ